ಕೈಯಿಂದ ಕಾರು ತಿಳಿದ ರಾಲ್ಫ್ ಟೀಟರ್

ಹೊಸ ಕಾರು ಮನೆ ಮುಂದೆ ಬಂದು ನಿಂತ ದಿನ ಏನೇನು ನಡೀತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಲಿ ಕೆಳಗೆ ನಿಂಬೆಹಣ್ಣು, ಬಾನೆಟ್ ಮೇಲೆ ಕುಂಕುಮ, ಒಂದು ತೆಂಗಿನಕಾಯಿ. ಅದು ಮುಗಿದಿದ್ದೇ ತಡ, ಓಣಿಯ ಹುಡುಗರೆಲ್ಲ ಒಳಗೆ. ದೀಪಾವಳಿ ರಜೆಯಲ್ಲಿ ನಮ್ಮ ಸಂಘದ ನಾಲ್ಕು ಮಂದಿ ಮುಳವಾಡದ ಗೆಳೆಯನ ಮನೆಗೆ ಹೋದಾಗ ನೋಡಿದ್ದೂ ಅದನ್ನೇ. ಒಬ್ಬ ವೈಪರ್ ಹಾಕ್ತಾನೆ, ಇನ್ನೊಬ್ಬ ಹಾರ್ನ್ ಹೊಡೀತಾನೆ, ಮತ್ತೊಬ್ಬ ಎಡಗಡೆ ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದು ಅದರಲ್ಲಿದ್ದ ಕೈಪಿಡಿಯನ್ನು ಹಿಂದಿನ ಸೀಟಿಗೆ ಎಸೆದು ಆ ಜಾಗದಲ್ಲಿ ತನ್ನ ಚಾಕೊಲೇಟ್ ಇಡ್ತಾನೆ. ಕೈಪಿಡಿ ಓದುವವರು ಯಾರೂ ಇರಲಿಲ್ಲ.

ಅವತ್ತು ಆ ಕಾರನ್ನು ಎಲ್ಲರಿಗಿಂತ ಚೆನ್ನಾಗಿ ತಿಳ್ಕೊಂಡವರು ಗೆಳೆಯನ ಅಜ್ಜ. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಡ್ಯಾಶ್‌ಬೋರ್ಡಿನ ಅಕ್ಷರ ಒಂದೂ ಕಾಣೋದಿಲ್ಲ. ಹಿಂದೆ ಟ್ರ್ಯಾಕ್ಟರ್ ಹೊಡೆದ ಕೈ. ಡ್ರೈವರ್ ಸೀಟಿನಲ್ಲಿ ಕೂತು ನಿಧಾನಕ್ಕೆ ಕೈಯಾಡಿಸಿದರು. ಸೀಟಿನ ಕೆಳಗಿನ ಕಂಬಿ ಎಳೆದರೆ ಸೀಟು ಹಿಂದೆ ಮುಂದೆ ಸರೀತದೆ, ಪಕ್ಕದ ಹಿಡಿಕೆ ಎತ್ತಿದರೆ ಬೆನ್ನು ಒರಗ್ತದೆ, ಸ್ಟೇರಿಂಗ್ ಕೆಳಗಿನ ಸಣ್ಣ ಹಿಡಿಕೆ ಬಿಚ್ಚಿದರೆ ಸ್ಟೇರಿಂಗ್ ಮೇಲೆ ಕೆಳಗೆ ಆಗ್ತದೆ. ಬಲಗಾಲಿನ ಹತ್ತಿರ ಬಾನೆಟ್ ತೆಗೆಯೋ ಹಿಡಿಕೆ. ಬಾಗಿಲಿನ ಚೀಲದಾಗ ಬಾಟಲಿ ಇಡೋ ಗುಂಡಿ. ಗೇರಿನ ಹಿಂದೆ ಮೊಣಕೈ ಇಡೋ ಮುಚ್ಚಳ, ಅದರ ಕೆಳಗೆ ಇನ್ನೊಂದು ಡಬ್ಬಿ. ಈ ಒಳಡಬ್ಬಿ ಮನೆಯ ಯಜಮಾನರಿಗೇ ಗೊತ್ತಿರಲಿಲ್ಲ! ಆಮೇಲೆ ಸ್ಟೇರಿಂಗಿನ ಬಲಗಡೆಯ ಗುಂಡಿಗಳ ಮೇಲೆ ಅಜ್ಜನ ಹೆಬ್ಬೆರಳು ನಿಂತಿತು. ಇವೇನು ಅಂತ ಕೇಳಿದರು. ಕ್ರೂಸ್ ಕಂಟ್ರೋಲ್ ಅಜ್ಜಾ, ವೇಗ ಕಟ್ಟಿಹಾಕೋದು ಅಂತ ಹೇಳಿದೆವು. ಯಾರು ಹುಡುಕಿದ್ದು ಅಂತ ಅವರು ಕೇಳಲಿಲ್ಲ. ನಾವೇ ಕೇಳಿಕೊಂಡೆವು. ಸಿಕ್ಕ ಉತ್ತರ ಎಷ್ಟು ವಿಚಿತ್ರವಾಗಿತ್ತೆಂದರೆ, ಈ ಸಂಚಿಕೆಗೆ ಬೇರೆ ವಿಷಯ ಬೇಡವೇ ಬೇಡ ಅಂತ ತೀರ್ಮಾನಿಸಿದೆವು. ಆ ಗುಂಡಿಯ ಮೂಲಪುರುಷನಿಗೆ ಐದನೇ ವಯಸ್ಸಿನಿಂದ ಕಣ್ಣು ಕಾಣುತ್ತಿರಲಿಲ್ಲ.

ರಾಲ್ಫ್ ಟೀಟರ್ ಹುಟ್ಟಿದ್ದು 1890ರ ಆಗಸ್ಟ್ 17ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ. ಸುತ್ತ ಹೊಲ, ಮಧ್ಯೆ ಒಂದು ಪೇಟೆ ಬೀದಿ. ತಂದೆ ಜಾನ್, ತಾಯಿ ಕೇಟ್, ಒಬ್ಬನೇ ಮಗ. ಕುಟುಂಬ ಮಾತ್ರ ದೊಡ್ಡದು. ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಕೈಯಲ್ಲಿ ಸ್ಪ್ಯಾನರ್ ಹಿಡಿದವರೇ. ಅವರಲ್ಲಿ ಒಬ್ಬರು, ಚಾರ್ಲ್ಸ್ ಟೀಟರ್, ರೈಲು ಹಳಿಯ ಮೇಲೆ ಓಡುವ ಸೈಕಲ್ ಒಂದನ್ನು ಮಾಡಿದ್ದರು. ವಿಜಯಪುರದ ಮೇಲೆ ಹಾಯ್ದು ಹೋಗುವ ಗದಗ-ಹೋಟಗಿ ಮಾರ್ಗದಂಥ ಕಡೆ ಹಳಿ ತಪಾಸಣೆಗೆ ತಳ್ಳಿಕೊಂಡು ಹೋಗುವ ಟ್ರಾಲಿ ನೋಡಿರ್ತೀರಲ್ಲ, ಅದರದೇ ಹಗುರ ತಮ್ಮ ಅನ್ನಬಹುದು. ಅದನ್ನು ತಯಾರಿಸಲು 1895ರಲ್ಲಿ ಒಂದು ಕಂಪನಿಯೂ ಶುರುವಾಯಿತು. ಹುಡುಗ ಕಣ್ಣು ಬಿಟ್ಟಿದ್ದೇ ಲೇತು, ಅರ, ಎಣ್ಣೆ ವಾಸನೆಯ ನಡುವೆ.

ಆ ಕಣ್ಣು ಬಹಳ ದಿನ ಉಳಿಯಲಿಲ್ಲ. ಐದು ವರ್ಷದವನಿದ್ದಾಗ ಕೈಯಲ್ಲಿದ್ದ ಚಾಕು ಜಾರಿ ಒಂದು ಕಣ್ಣಿಗೆ ಹೊಕ್ಕಿತು. ಒಂದು ಹೋದರೆ ಇನ್ನೊಂದು ಇದೆಯಲ್ಲ ಅಂತ ಸಮಾಧಾನ ಮಾಡ್ಕೊಳ್ಳೋ ಹಾಗೂ ಇರಲಿಲ್ಲ. ಒಂದು ಕಣ್ಣಿಗೆ ಆಳವಾದ ಗಾಯವಾದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಎರಡನೇ ಕಣ್ಣಿನ ಮೇಲೆ ಬೀಳುವ ಒಂದು ಅಪರೂಪದ ಕಾಯಿಲೆ ಉಂಟು. ಇವತ್ತು ಅದಕ್ಕೆ ಸ್ಟೀರಾಯ್ಡ್ ಇದೆ. ಆಗ ಏನೂ ಇರಲಿಲ್ಲ. ವರ್ಷದೊಳಗೆ ಎರಡನೇ ಕಣ್ಣೂ ಹೋಯಿತು.

ಇಲ್ಲಿಂದ ಮುಂದೆ ಆ ಮನೆಯವರು ನಡೆದುಕೊಂಡ ರೀತಿಯೇ ನಮಗೆ ಈ ಇಡೀ ಕಥೆಯ ತಿರುಳು ಅನ್ನಿಸುತ್ತದೆ. ಜಾನ್ ಮತ್ತು ಕೇಟ್ ಮಗನನ್ನು ಕುರುಡ ಅಂತ ಕರೆಯಲಿಲ್ಲ, ಬೇರೆಯವರು ಕರೆಯುವುದಕ್ಕೂ ಬಿಡಲಿಲ್ಲ. ಅವನು ಏನು ಮಾಡಬಾರದು ಅಂತ ಪಟ್ಟಿ ಮಾಡಲಿಲ್ಲ. ಎಲ್ಲ ಮಕ್ಕಳ ಹಾಗೆ ವರ್ಕ್‌ಶಾಪಿಗೆ ಬಿಟ್ಟರು. ಗಾಯ ಮಾಡಿದ ಉಪಕರಣಗಳ ನಡುವೆಯೇ ಮತ್ತೆ ಬಿಡೋದು ಅಂದರೆ ಎಷ್ಟು ಗಟ್ಟಿ ಎದೆ ಬೇಕು ನೋಡ್ರಿ. ನಮ್ಮ ಮನೆಗಳಲ್ಲಾದರೆ ಪಾಪ ಕೂಸು ಅಂತ ಮೂಲೆಯಲ್ಲಿ ಕೂಡಿಸಿ ಬಾಯಿಗೆ ತುತ್ತು ಇಟ್ಟು ಬೆಳೆಸಿಬಿಡ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡ್ತಾರೆ, ಅದು ಬೇರೆ ಮಾತು. ಟೀಟರ್ ಮನೆಯಲ್ಲಿ ಅವನಿಗೆ ಬಾಲ್ಯದಲ್ಲೇ ತನ್ನದೇ ಕೆಲಸದ ಮೂಲೆ ಇತ್ತು. ಲೋಹದ ಅಂಚು ಎಲ್ಲಿ ಚೂಪಾಗಿದೆ, ಬೇರಿಂಗ್ ಎಲ್ಲಿ ಸವೆದಿದೆ, ಬೆಲ್ಟ್ ಎಲ್ಲಿ ಸಡಿಲವಾಗಿದೆ ಅನ್ನೋದನ್ನು ಕೈ ಮತ್ತು ಕಿವಿಯಿಂದ ಓದೋದು ಕಲಿತ. ಹನ್ನೆರಡನೇ ವಯಸ್ಸಿಗೆ, 1902ರಲ್ಲಿ, ಹಳೆಯ ಸಿಂಗಲ್ ಸಿಲಿಂಡರ್ ಎಂಜಿನ್ ಒಂದನ್ನು ಇಟ್ಟುಕೊಂಡು ಚಿಕ್ಕಪ್ಪನ ಮಗನ ಜೊತೆ ಸೇರಿ ಒಂದು ಕಾರನ್ನೇ ಕಟ್ಟಿದ. ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ಓಡುತ್ತಿತ್ತು. ಆ ಕಾಲದ ರಸ್ತೆಗೆ ಅದು ಕಮ್ಮಿ ವೇಗವೇನಲ್ಲ. ಫೋರ್ಡ್ ಕಂಪನಿ ಹುಟ್ಟಿದ್ದೇ ಅದರ ಮರುವರ್ಷ!

ಟೀಟರ್‌ಗಿಂತ ಎರಡು ವರ್ಷ ಚಿಕ್ಕವರಾಗಿ 1892ರಲ್ಲಿ ನಮ್ಮ ಹಾನಗಲ್ ತಾಲ್ಲೂಕಿನಲ್ಲಿ ಇನ್ನೊಬ್ಬರು ಹುಟ್ಟಿದರು. ಅವರಿಗೂ ಕಣ್ಣಿರಲಿಲ್ಲ. ಪಂಚಾಕ್ಷರಿ ಗವಾಯಿಗಳು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಎಷ್ಟು ಮಂದಿ ಕಣ್ಣಿಲ್ಲದ ಮಕ್ಕಳ ಕೈಗೆ ತಬಲಾ, ಹಾರ್ಮೋನಿಯಂ ಕೊಟ್ಟರು ಅಂತ ಉತ್ತರ ಕರ್ನಾಟಕದವರಿಗೆ ಗೊತ್ತು. ಹಾರ್ಮೋನಿಯಂ ಮನೆಯನ್ನು ನೋಡದೆ ಬೆರಳು ಸ್ವರ ಹುಡುಕ್ತದಲ್ಲ, ಅದನ್ನು ನಾವು ಸಹಜ ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ. ಅದೇ ಬೆರಳು ಮೈಕ್ರೋಮೀಟರ್ ಹಿಡಿದರೆ ಮಾತ್ರ ಬೆರಗಾಗ್ತೇವೆ. ಯಾಕೆ ಅಂತ ನಮಗೂ ತಿಳಿದಿಲ್ಲ.

ಎಂಜಿನಿಯರಿಂಗ್ ಓದಬೇಕು ಅಂತ ಹೊರಟಾಗ ಎದುರಾದ ಪ್ರಶ್ನೆ ಊಹಿಸೋದು ಕಷ್ಟವಲ್ಲ. ಡ್ರಾಯಿಂಗ್ ಹೇಗೆ ಮಾಡ್ತೀಯ? ಲ್ಯಾಬ್ ಹೇಗೆ? ಬೋರ್ಡ್ ಹೇಗೆ ಓದ್ತೀಯ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಕ್ಕ, ದೂರದ ಸೋದರ ಸಂಬಂಧಿ ನೀವಾ ಡಿಯರ್ಡಾರ್ಫ್, ಜೊತೆಗೆ ನಿಂತರು. ಪಠ್ಯಪುಸ್ತಕ ಗಟ್ಟಿಯಾಗಿ ಓದಿ ಹೇಳುವವರು ಸಿಕ್ಕರೆ ಉಳಿದದ್ದನ್ನು ತಲೆಯಲ್ಲೇ ಕಟ್ಟಿಕೊಳ್ಳುವ ಶಕ್ತಿ ಟೀಟರ್ ಅವರಿಗಿತ್ತು. 1912ರಲ್ಲಿ ಅವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮೆಷಿನ್ ಡಿಸೈನ್ ಪುಸ್ತಕ ಕೈಯಲ್ಲಿ ಹಿಡಿದು ಕಣ್ಣಿದ್ದೂ ಏನೂ ಕಾಣದೆ ಕೂರುವ ನಮ್ಮಂಥವರು ಇಲ್ಲಿ ಒಂದು ನಿಮಿಷ ನಿಲ್ಲಬಹುದು.

ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲಿಡಬೇಕು ಅನ್ನುತ್ತದೆ. ಸೀಟು ಕಾಗದದ ಮೇಲೆ ಸಿಗ್ತದೆ. ಆದರೆ ಕಣ್ಣು ಕಾಣದ ಒಬ್ಬ ಹುಡುಗಿ ನಾಳೆ ಮೆಕ್ಯಾನಿಕಲ್ ಬ್ರಾಂಚಿಗೆ ಬಂದಳು ಅನ್ನಿ, ಅವಳಿಗೆ ಲೇತು ಮುಟ್ಟಿಸಿ ತೋರಿಸ್ತೀವೋ, ನಿನಗೆ ಕಂಪ್ಯೂಟರ್ ಸೈನ್ಸೇ ಒಳ್ಳೇದವ್ವ ಅಂತ ಸಾಗಹಾಕ್ತೀವೋ? ಸಂಘದ ಸಭೆಯಲ್ಲಿ ಈ ಬಗ್ಗೆ ಒಂದು ಗಂಟೆ ಜಗಳವೇ ಆಯಿತು. ಒಮ್ಮತ ಬರಲಿಲ್ಲ, ಅದಕ್ಕೇ ಮುಂದೆ ಹೋಗ್ತೇವೆ.

ಪದವಿಯ ನಂತರ ಟೀಟರ್ ಊರಿಗೆ ಮರಳಿ ಕುಟುಂಬದ ಎಂಜಿನ್ ಕಾರ್ಖಾನೆ ಸೇರಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿಯಿತು. ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿದ್ದ ನ್ಯೂಯಾರ್ಕ್ ಶಿಪ್‌ಬಿಲ್ಡಿಂಗ್ ಕಂಪನಿಯಲ್ಲಿ ಯುದ್ಧನೌಕೆಗಳಿಗೆ ಬೇಕಾದ ಉಗಿ ಟರ್ಬೈನ್‌ಗಳ ಕೆಲಸ ಕಗ್ಗಂಟಾಗಿತ್ತು. ಟರ್ಬೈನಿನ ರೋಟರ್ ಸಮತೋಲ ಆಗುತ್ತಿರಲಿಲ್ಲ. ಟೀಟರ್ ಅಲ್ಲಿಗೆ ಹೋದರು.

ಇದನ್ನು ಅರ್ಥ ಮಾಡಿಕೊಳ್ಳೋಕೆ ಅಮೆರಿಕಕ್ಕೆ ಹೋಗಬೇಕಿಲ್ಲ, ಮುಳವಾಡದ ಪಕ್ಕದ ಕೂಡಗಿ ಸಾಕು. ಅಲ್ಲಿನ ಎನ್‌ಟಿಪಿಸಿ ಸ್ಥಾವರದಲ್ಲಿ ತಲಾ 800 ಮೆಗಾವಾಟಿನ ಮೂರು ಘಟಕಗಳಿವೆ. ಒಳಗೆ ತಿರುಗುವ ರೋಟರ್‌ಗಳು ನಿಮಿಷಕ್ಕೆ 3,000 ಸುತ್ತು ಹಾಕ್ತವೆ. ಈಗ ಒಂದು ಲೆಕ್ಕ ಹಾಕೋಣ. ಆ ರೋಟರಿನ ಮಧ್ಯದಿಂದ ಅರ್ಧ ಮೀಟರ್ ದೂರದಲ್ಲಿ ಕೇವಲ 10 ಗ್ರಾಂ ತೂಕ ಹೆಚ್ಚಿದೆ ಅಂತಿಟ್ಟುಕೊಳ್ಳಿ. 3,000 ಸುತ್ತಿನಲ್ಲಿ ಕೋನೀಯ ವೇಗ ಸೆಕೆಂಡಿಗೆ 314 ರೇಡಿಯನ್. ಅದರ ವರ್ಗವನ್ನು ಅರ್ಧ ಮೀಟರಿಗೂ 0.01 ಕಿಲೋಗೂ ಗುಣಿಸಿದರೆ ಹೆಚ್ಚುಕಮ್ಮಿ 493 ನ್ಯೂಟನ್. ಅಂದರೆ ಒಂದು ಸಣ್ಣ ನಾಣ್ಯದಷ್ಟು ತೂಕ, ತಿರುಗುವಾಗ ಅರ್ಧ ಕ್ವಿಂಟಲ್ ಜೋಳದ ಚೀಲದಷ್ಟು ಬಲವಾಗಿ ಬೇರಿಂಗನ್ನು ಎಳೀತದೆ, ಅದೂ ಸೆಕೆಂಡಿಗೆ 50 ಸಾರಿ ದಿಕ್ಕು ಬದಲಿಸುತ್ತ. ನಿಂತ ರೋಟರನ್ನು ತೂಗಿ ನೋಡಿದರೆ ಈ ದೋಷ ಪೂರ್ತಿ ಸಿಗೋದಿಲ್ಲ. ಎಡತುದಿಯಲ್ಲಿ ಮೇಲೆ ಹತ್ತು ಗ್ರಾಂ, ಬಲತುದಿಯಲ್ಲಿ ಕೆಳಗೆ ಹತ್ತು ಗ್ರಾಂ ಇದ್ದರೆ ನಿಂತಾಗ ಸಮ, ತಿರುಗಿದಾಗ ತೂರಾಟ. ತಿರುಗಿಸುತ್ತಲೇ ಸಮತೋಲ ನೋಡಬೇಕು. ಇದಕ್ಕೆ ನಮ್ಮ ಪಠ್ಯದಲ್ಲಿ ಡೈನಾಮಿಕ್ ಬ್ಯಾಲೆನ್ಸಿಂಗ್ ಅಂತ ಒಂದು ಅಧ್ಯಾಯವೇ ಇದೆ, ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ.

ಕಣ್ಣಿಗೆ ಕಾಣದ ನಡುಕ ಕೈಗೆ ತಿಳೀತದೆ. ಬಾಲ್ಯದಿಂದ ನಡುಕವನ್ನೇ ಓದಿ ಬೆಳೆದವರಿಗೆ ಬೇರೆಯವರಿಗಿಂತ ಜಾಸ್ತಿ ತಿಳಿದಿರಲೂಬಹುದು. ಟೀಟರ್ ರೂಪಿಸಿದ ವಿಧಾನದಿಂದ ಆ ಟರ್ಬೈನುಗಳ ರೋಟರ್‌ಗಳು ಸಮತೋಲಕ್ಕೆ ಬಂದವು. ಅವರನ್ನು ಬರೀ ಕ್ರೂಸ್ ಕಂಟ್ರೋಲಿನ ಜನಕ ಅಂತ ನೆನೆಯೋದು ನಮಗೆ ಸ್ವಲ್ಪ ಅನ್ಯಾಯ ಅನ್ನಿಸೋದು ಈ ಕಾರಣಕ್ಕೆ. ಎಂಜಿನಿಯರಿಂಗ್ ಆಗಿ ಇದೇ ದೊಡ್ಡ ಕೆಲಸ.

ಯುದ್ಧ ಮುಗಿದ ಮೇಲೆ ಮತ್ತೆ ಹೇಗರ್ಸ್‌ಟೌನ್. 1922ರಲ್ಲಿ ನೆಲ್ಲಿ ಅವರೊಂದಿಗೆ ಮದುವೆ, ಆಮೇಲೆ ಒಬ್ಬಳು ಮಗಳು. ಕುಟುಂಬದ ಕಂಪನಿ ಎಂಜಿನ್ ಬಿಟ್ಟು ಪಿಸ್ಟನ್ ರಿಂಗ್ ಹಿಡಿದಿತ್ತು. 1926ರಲ್ಲಿ ಅದಕ್ಕೆ ಪರ್ಫೆಕ್ಟ್ ಸರ್ಕಲ್ ಅಂತ ಹೆಸರಾಯಿತು. ರಿಂಗ್ ಬಗ್ಗೆ ನಮ್ಮ ಕಡೆ ರೈತರಿಗೆ ಪಾಠ ಬೇಡ. ಟ್ರ್ಯಾಕ್ಟರಿನಿಂದ ನೀಲಿ ಹೊಗೆ ಬಂತೆಂದರೆ ಮೇಸ್ತ್ರಿ ಬಂದು ರಿಂಗ್ ಹೋಗ್ಯಾವ್ರಿ, ಆಯಿಲ್ ತಿನ್ನಾಕತ್ತೈತಿ ಅಂತಾನೆ. ಸಿಲಿಂಡರಿನ ಗೋಡೆಗೆ ಎಣ್ಣೆ ಬೇಕು, ಆದರೆ ಬೇಕಾದಷ್ಟೇ ಬೇಕು. ಮಿಕ್ಕಿದ್ದನ್ನು ಬಳಿದು ಕೆಳಗೆ ಕಳಿಸೋದು ರಿಂಗಿನ ಕೆಲಸ. ಟೀಟರ್ ಅಲ್ಲಿ ಎಂಜಿನಿಯರ್ ಆಗಿ ಬೆಳೆದು 1946ರಿಂದ 1957ರ ತನಕ ಕಂಪನಿಯ ಅಧ್ಯಕ್ಷರೂ ಆಗಿದ್ದರು. ಮಧ್ಯೆ ಬೀಗ, ಹುಲ್ಲು ಕತ್ತರಿಸುವ ಯಂತ್ರ, ಮೀನಿನ ಗಾಳದ ಕೋಲು ಹಿಡಿಯುವ ಸಾಧನ, ದ್ರವದ ಒತ್ತಡದಿಂದ ಗೇರ್ ಬದಲಿಸುವ ವ್ಯವಸ್ಥೆ ಹೀಗೆ ಏನೇನೋ ಮಾಡಿದರು. 1936ರಲ್ಲಿ ಅಮೆರಿಕದ ಆಟೋಮೋಟಿವ್ ಎಂಜಿನಿಯರುಗಳ ಸಂಘ, ಅಂದರೆ ಎಸ್‌ಎಇಯ ಅಧ್ಯಕ್ಷರಾದರು. ಬಾಹಾ ಸ್ಪರ್ಧೆಗೆ ಅಂತ ನಮ್ಮ ಸೀನಿಯರ್‌ಗಳು ವರ್ಕ್‌ಶಾಪಿನಲ್ಲಿ ರಾತ್ರಿಯಿಡೀ ಪೈಪ್ ವೆಲ್ಡ್ ಮಾಡ್ತಾರಲ್ಲ, ಅವರ ಟೀ ಶರ್ಟಿನ ಮೇಲಿರೋ ಎಸ್‌ಎಇ ಅನ್ನೋ ಮೂರು ಅಕ್ಷರ ಆ ಸಂಘದಿಂದಲೇ ಬಂದದ್ದು.

ಈಗ ಆ ಗುಂಡಿಯ ಕಥೆ. ಟೀಟರ್ ಅವರ ಪೇಟೆಂಟ್ ವಕೀಲರ ಹೆಸರು ಹ್ಯಾರಿ ಲಿಂಡ್ಸೆ. ಅವರು ಕಾರು ನಡೆಸುತ್ತಿದ್ದರೆ ಟೀಟರ್ ಪಕ್ಕದಲ್ಲಿ ಕೂರುತ್ತಿದ್ದರು. ಲಿಂಡ್ಸೆ ಮಾತುಗಾರ. ಸಮಸ್ಯೆ ಏನಂದರೆ, ಅವರು ಮಾತಾಡುವಾಗ ಕಾರು ನಿಧಾನ ಆಗುತ್ತಿತ್ತು, ಕೇಳುವಾಗ ಜೋರಾಗುತ್ತಿತ್ತು. ಮಾತು ಶುರುವಾದರೆ ಕಾಲು ಸಡಿಲ, ನಿಂತರೆ ಕಾಲು ಬಿಗಿ. ಕಣ್ಣಿರುವ ಪ್ರಯಾಣಿಕ ಕಿಟಕಿಯ ಹೊರಗೆ ನೋಡ್ತಾ ಇದನ್ನು ಗಮನಿಸುತ್ತಲೇ ಇರಲಿಲ್ಲವೇನೋ. ಕಣ್ಣಿಲ್ಲದವರಿಗೆ ಮಾತ್ರ ಪ್ರತಿ ಜಗ್ಗು, ಪ್ರತಿ ನೂಕು ಬೆನ್ನಿಗೆ, ಹೊಟ್ಟೆಗೆ ನೇರ ಬರ್ತದೆ. ವಿಜಯಪುರದಿಂದ ಕೊಲ್ಹಾರದ ಕಡೆ ಟಂಟಂನಲ್ಲಿ, ಡ್ರೈವರ್ ಮೊಬೈಲಿನಲ್ಲಿ ಮಾತಾಡ್ತಾ ಇದ್ದಾಗ ಕೂತವರಿಗೆ ಟೀಟರ್ ಸಂಕಟ ಚೆನ್ನಾಗಿ ಅರ್ಥ ಆಗ್ತದೆ.

ಟೀಟರ್ ಈ ಜಗ್ಗಾಟವನ್ನು ವಕೀಲರ ಸ್ವಭಾವ ಅಂತ ಬಿಡಲಿಲ್ಲ, ಯಂತ್ರದ ಸಮಸ್ಯೆ ಅಂತ ತಗೊಂಡರು. ಮನುಷ್ಯನ ಕಾಲು ಒಂದೇ ಒತ್ತಡವನ್ನು ಬಹಳ ಹೊತ್ತು ಹಿಡಿಯಲಾರದು. ಹಾಗಾದರೆ ಕಾಲಿಗೆ ವೇಗದ ಸುದ್ದಿ ಮುಟ್ಟಿಸಬೇಕು. ಸ್ಪೀಡೋಮೀಟರ್ ಆ ಸುದ್ದಿಯನ್ನು ಕಣ್ಣಿಗೆ ಹೇಳ್ತದೆ. ಅವರಿಗೆ ಅದು ಕಾಲಿಗೇ ಹೇಳಬೇಕಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಇನ್ನೊಂದು ಕಾರಣವೂ ಸೇರಿಕೊಂಡಿತು. ರಬ್ಬರ್ ಮತ್ತು ಪೆಟ್ರೋಲ್ ಉಳಿಸಲು ಅಮೆರಿಕ ಸರ್ಕಾರ 1942ರಲ್ಲಿ ದೇಶದ ತುಂಬ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್ ವೇಗಮಿತಿ ಹಾಕಿತು. ಚೌಡಾಗಿ ಮಲಗಿರುವ ರಸ್ತೆಯಲ್ಲಿ 56ರಲ್ಲೇ ಹೋಗೋದು ಎಷ್ಟು ಕಷ್ಟ ಅಂತ ನಮ್ಮ ಹೆದ್ದಾರಿ ಬಲ್ಲವರಿಗೆ ಗೊತ್ತು.

ಅವರು ಬಳಸಿದ ಮೂಲ ತತ್ವ ಹಳೆಯದು. ಹಳ್ಳಿಯ ಹಿಟ್ಟಿನ ಗಿರಣಿಗೆ ಡೀಸೆಲ್ ಎಂಜಿನ್ ಇದ್ದ ಕಾಲ ನೆನೆಸಿಕೊಳ್ಳಿ. ಗಿರಣಿಗೆ ಜೋಳ ಸುರಿದ ಕೂಡಲೇ ಎಂಜಿನ್ ಒಮ್ಮೆ ಉಸಿರುಗಟ್ಟಿದ ಹಾಗೆ ಮಾಡಿ, ತಾನೇ ಸುಧಾರಿಸಿಕೊಂಡು ಮತ್ತೆ ಅದೇ ಟುಕುಟುಕು ಲಯಕ್ಕೆ ಬರ್ತಿತ್ತು. ಯಾರೂ ಎಕ್ಸಲರೇಟರ್ ಒತ್ತುತ್ತಿರಲಿಲ್ಲ. ಒಳಗೆ ತಿರುಗುವ ಎರಡು ತೂಕಗಳಿರ್ತಿದ್ದವು. ವೇಗ ಹೆಚ್ಚಿದರೆ ಅವು ಹೊರಕ್ಕೆ ಹಾರ್ತವೆ, ಡೀಸೆಲ್ ಕಮ್ಮಿ ಆಗ್ತದೆ. ವೇಗ ಇಳಿದರೆ ಒಳಕ್ಕೆ ಬರ್ತವೆ, ಡೀಸೆಲ್ ಹೆಚ್ಚಾಗ್ತದೆ. ಇದೇ ಗವರ್ನರ್. ಜೇಮ್ಸ್ ವಾಟ್ ತನ್ನ ಉಗಿ ಎಂಜಿನ್ನಿಗೆ 1788ರಲ್ಲೇ ಇದನ್ನು ಅಳವಡಿಸಿದ್ದ. ಆದರೆ ಗಿರಣಿ ಒಂದೇ ವೇಗದಲ್ಲಿ ಓಡಿದರೆ ಸಾಕು. ಕಾರಿನಲ್ಲಿ ವೇಗ ಎಷ್ಟಿರಬೇಕು ಅನ್ನೋದು ಚಾಲಕನ ಕೈಯಲ್ಲಿರಬೇಕು, ಎದುರಿಗೆ ಎಮ್ಮೆ ಬಂದರೆ ತಕ್ಷಣ ಬದಲಾಗಬೇಕು.

ಹೇಗರ್ಸ್‌ಟೌನ್‌ನಲ್ಲಿ ವರ್ಷಗಟ್ಟಲೆ ಮಾದರಿಯ ಮೇಲೆ ಮಾದರಿ ಕಟ್ಟಿ, 1950ರ ಆಗಸ್ಟಿನಲ್ಲಿ ಅವರು ಪೇಟೆಂಟ್ ಪಡೆದರು. ಎಕ್ಸಲರೇಟರ್ ಒತ್ತುವುದನ್ನು ತಡೆಯುವ ವೇಗ ನಿಯಂತ್ರಣ ಸಾಧನ ಅಂತ ಅದರ ಹೆಸರಿನ ಅರ್ಥ. ಈ ಹೆಸರನ್ನು ಗಮನಿಸಿ. ಇವತ್ತು ನಾವು ತಿಳ್ಕೊಂಡ ಹಾಗೆ ಕಾಲು ತೆಗೆದು ಆರಾಮಾಗಿ ಕೂರುವ ಸೌಕರ್ಯ ಅದಾಗಿರಲಿಲ್ಲ. ಚಾಲಕ ಡ್ಯಾಶ್‌ಬೋರ್ಡಿನ ಒಂದು ತಿರುಗುಗುಂಡಿಯಿಂದ ಬೇಕಾದ ವೇಗ ಗೊತ್ತುಮಾಡ್ತಾನೆ. ಕಾರಿನ ಓಟದಿಂದಲೇ ತಿರುಗುವ ಗವರ್ನರ್ ಆ ವೇಗ ತಲುಪಿದ ಕೂಡಲೇ ಸ್ಪ್ರಿಂಗಿನ ಬಿಗಿತ ಮೀರಿ, ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವ ಒಂದು ಪಿಸ್ಟನ್ನನ್ನು ಎಬ್ಬಿಸ್ತದೆ. ಆ ಪಿಸ್ಟನ್ ಪೆಡಲನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಯಾರೋ ಅಂಗಾಲಿಗೆ ಮೆಲ್ಲಗೆ ತಟ್ಟಿ ಸಾಕಪ್ಪ ಇಷ್ಟು ಅಂದ ಹಾಗೆ. ಲಾರಿ ಹಿಂದಿಕ್ಕಬೇಕಾದರೆ ಆ ಒತ್ತನ್ನು ಮೀರಿ ಕಾಲು ಊರಬಹುದು, ಯಂತ್ರ ಅಡ್ಡ ಬರೋದಿಲ್ಲ. ನಿರ್ಧಾರ ಚಾಲಕನದೇ, ಸುದ್ದಿ ಮಾತ್ರ ಯಂತ್ರದ್ದು. ಸ್ಪರ್ಶವನ್ನೇ ನಂಬಿ ಬದುಕಿದವರು ಮಾತ್ರ ಹೀಗೆ ಯೋಚನೆ ಮಾಡಬಲ್ಲರು ಅನ್ನೋದು ನಮ್ಮ ಖಚಿತ ಅಭಿಪ್ರಾಯ. ವೇಗವನ್ನು ಒಮ್ಮೆ ಹಿಡಿದು, ಬ್ರೇಕ್ ಮುಟ್ಟುವ ತನಕ ತಾನೇ ಕಾಯ್ದುಕೊಳ್ಳುವ ವಿದ್ಯುತ್ ಬಂಧ ಸೇರಿದ್ದು ಆಮೇಲೆ.

ಹೆಸರಿಡೋದೂ ಒಂದು ಪಜೀತಿಯೇ ಆಯಿತು. ಕಂಟ್ರೋಲ್‌ಮ್ಯಾಟಿಕ್, ಟಚೋಮ್ಯಾಟಿಕ್, ಪ್ರೆಸ್ಸೋಮ್ಯಾಟಿಕ್ ಅಂತ ಒಂದೊಂದನ್ನೇ ಹಾಕಿ ನೋಡಿ ಕೊನೆಗೆ ಸ್ಪೀಡೋಸ್ಟ್ಯಾಟ್ ಅಂತ ನಿಂತಿತು. 1958ರ ಮಾದರಿಯ ಕ್ರೈಸ್ಲರ್ ಇಂಪೀರಿಯಲ್, ನ್ಯೂಯಾರ್ಕರ್, ವಿಂಡ್ಸರ್ ಕಾರುಗಳಲ್ಲಿ ಅದು ಮೊದಲ ಬಾರಿ ಗಿರಾಕಿಗಳ ಕೈಗೆ ಬಂತು. ಕ್ರೈಸ್ಲರ್‌ನವರು ಅದಕ್ಕೆ ಆಟೋ ಪೈಲಟ್ ಅಂದರು. ಆ ಹೆಸರು ಅವತ್ತೇ ಸ್ವಲ್ಪ ಜಾಸ್ತಿಯಾಯ್ತು ನೋಡ್ರಿ. ಸ್ಟೇರಿಂಗ್ ತಿರುಗಿಸೋದಿಲ್ಲ, ಬ್ರೇಕ್ ಹಾಕೋದಿಲ್ಲ, ಅದ್ಯಾವ ಪೈಲಟ್ಟು? ಕ್ಯಾಡಿಲಾಕ್‌ನವರು ತಮ್ಮ ಕಾರಿಗೆ ಹಾಕಿದಾಗ ಇಟ್ಟ ಕ್ರೂಸ್ ಕಂಟ್ರೋಲ್ ಅನ್ನೋ ಹೆಸರೇ ಊರ್ಜಿತವಾಯಿತು. ಅದು ಮನೆಮಾತಾಗಿದ್ದು 1973ರ ತೈಲ ಬಿಕ್ಕಟ್ಟಿನ ಮೇಲೆ. ಪೆಟ್ರೋಲ್ ಉಳಿಸಲು ಮತ್ತೆ ದೇಶವ್ಯಾಪಿ ವೇಗಮಿತಿ ಬಂತು, ಈ ಸಾರಿ 55 ಮೈಲಿ. ಒಂದೇ ವೇಗದಲ್ಲಿ ಓಡುವ ಕಾರು ಕಡಿಮೆ ಕುಡಿಯುತ್ತದೆ ಅನ್ನೋದು ಆಗ ಜನರಿಗೆ ಬೇಕಾದ ಮಾತಾಗಿತ್ತು.

ಕಾರಿನ ಒಳಭಾಗದ ಇತಿಹಾಸ ಕೆದಕಿದರೆ ಇಂಥ ಸ್ವಾರಸ್ಯ ಬಹಳ. ಡ್ಯಾಶ್‌ಬೋರ್ಡ್ ಅಂದರೆ ಮೊದಲು ಗಡಿಯಾರ, ಗುಂಡಿ ಏನೂ ಇರದ ಬರೀ ಹಲಗೆ. ಕುದುರೆಯ ಗೊರಸಿನಿಂದ ಹಾರುವ ಕೆಸರು ಸಾರಥಿಯ ಮೈಗೆ ಬೀಳಬಾರದು ಅಂತ ಗಾಡಿಯ ಮುಂದೆ ಕಟ್ಟಿದ್ದು. ಗ್ಲೋವ್ ಬಾಕ್ಸ್ ನಿಜಕ್ಕೂ ಕೈಗವಸು ಇಡುವ ಡಬ್ಬಿ. ಮುಚ್ಚಳವಿಲ್ಲದ ಕಾರಿನಲ್ಲಿ ಚಳಿಗೆ ಸ್ಟೇರಿಂಗ್ ಹಿಡಿಯಬೇಕಿತ್ತಲ್ಲ. ಕೀಲಿ ತಿರುಗಿಸಿದರೆ ಶುರುವಾಗುವ ಸುಖಕ್ಕೆ 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಕೊಟ್ಟ ಎಲೆಕ್ಟ್ರಿಕ್ ಸ್ಟಾರ್ಟರ್ ಕಾರಣ. ಅದಕ್ಕೂ ಮುಂಚೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು, ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರೀತಿತ್ತು. ಹೀಗೆ ಒಂದೊಂದು ಹಿಡಿಕೆಯ ಹಿಂದೆಯೂ ಯಾರದೋ ನೋವಿದೆ. ಕೈಪಿಡಿಯಲ್ಲಿ ಇದ್ಯಾವುದನ್ನೂ ಬರೆಯೋದಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಈಚಿನ ಕಾರುಗಳಲ್ಲಿ ಎಸಿ, ಫ್ಯಾನು, ರೇಡಿಯೋ ಎಲ್ಲ ಒಂದು ನುಣ್ಣನೆಯ ಪರದೆಯೊಳಗೆ ಹೋಗಿವೆ. ನೋಡೋಕೆ ಚೆಂದ. ಆದರೆ ಗಾಜಿನ ಮೇಲೆ ಬೆರಳಿಗೆ ಏನೂ ಸಿಗೋದಿಲ್ಲ, ನೋಡಲೇಬೇಕು. ಗಂಟೆಗೆ 80 ಕಿಲೋಮೀಟರಿನಲ್ಲಿ ಎರಡೇ ಸೆಕೆಂಡ್ ಪರದೆ ನೋಡಿದರೆ ಕಾರು 44 ಮೀಟರ್ ಕುರುಡಾಗಿ ಓಡಿರ್ತದೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಹೋಗುವ ಹಂಗಾಮಿನಲ್ಲಿ ನಮ್ಮ ರಸ್ತೆಯ ಮೇಲೆ ಆ 44 ಮೀಟರಿನ ಬೆಲೆ ಎಷ್ಟು ಅಂತ ಬಿಡಿಸಿ ಹೇಳೋದು ಬೇಡ. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆ ನಡೆಸುವ ಯೂರೋ ಎನ್‌ಕ್ಯಾಪ್ ಸಂಸ್ಥೆ, ಪೂರ್ಣ ಅಂಕ ಬೇಕಾದರೆ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯದ ದೀಪಗಳಿಗೆ ಕೈಗೆ ಸಿಗುವ ಗುಂಡಿಯೇ ಇರಬೇಕು ಅಂತ 2026ರಿಂದ ನಿಯಮ ತಂದಿದೆ. ಟೀಟರ್ ಬದುಕಿದ್ದರೆ ಇದಕ್ಕೆ ಇಷ್ಟು ತಡ ಯಾಕಾಯ್ತು ಅಂತ ಕೇಳಿರೋರು. ನಿಮ್ಮ ಮನೆಯ ಕಾರು ನಿಂತಿರುವಾಗ, ಕೀಲಿ ತೆಗೆದು, ಕಣ್ಣು ಮುಚ್ಚಿ ಕೂತು ಒಮ್ಮೆ ಪ್ರಯತ್ನ ಮಾಡಿ: ಇಂಡಿಕೇಟರ್ ಎಲ್ಲಿ, ವೈಪರ್ ಎಲ್ಲಿ, ಹೆಡ್‌ಲೈಟ್ ಎಲ್ಲಿ, ಅಪಾಯದ ದೀಪದ ಗುಂಡಿ ಎಲ್ಲಿ. ಒಂದು ಕಂಪನಿಯ ಕಾರಿನಲ್ಲಿ ಇಂಡಿಕೇಟರ್ ಬಲಕ್ಕಿದ್ದರೆ ಇನ್ನೊಂದರಲ್ಲಿ ಎಡಕ್ಕಿರ್ತದೆ. ಗೆಳೆಯನ ಕಾರು ತಗೊಂಡು ಹೊರಟವನು ತಿರುವಿನಲ್ಲಿ ವೈಪರ್ ಹಾಕೋದು ಅದಕ್ಕೇ.

ಕೊನೆಕೊನೆಯ ವರ್ಷಗಳಲ್ಲಿ ಟೀಟರ್ ಅವರ ಗಮನ ಕಾರಿಗಿಂತ ಕಲಿಸುವವರ ಕಡೆ ಹೋಗಿತ್ತು. ಅವರು ಕೊಟ್ಟ ನಿಧಿಯಿಂದ ಎಸ್‌ಎಇ 1960ರ ದಶಕದಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಯುವ ಅಧ್ಯಾಪಕರಿಗೆ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಶುರುಮಾಡಿತು. ಮೇಷ್ಟ್ರುಗಳು ಕಾರ್ಖಾನೆಯಲ್ಲಿ ಕೆಲಸ ಮಾಡುವ ಎಂಜಿನಿಯರುಗಳ ಜೊತೆ ಒಡನಾಡಬೇಕು, ಪುಸ್ತಕದ ಹೊರಗಿನದನ್ನು ಕ್ಲಾಸಿಗೆ ತರಬೇಕು ಅನ್ನೋದು ಅದರ ಉದ್ದೇಶ. ಸ್ಪೀಡೋಸ್ಟ್ಯಾಟಿನ ಮೊದಮೊದಲ ಮಾದರಿಗಳು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿವೆ. 1982ರ ಫೆಬ್ರವರಿ 15ರಂದು ಟೀಟರ್ ತೀರಿಕೊಂಡಾಗ ವಯಸ್ಸು 91. ಆರು ವರ್ಷದ ಮೇಲೆ, 1988ರಲ್ಲಿ, ಅಮೆರಿಕದ ಆಟೋಮೋಟಿವ್ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿತು. ಹೇಗರ್ಸ್‌ಟೌನ್‌ನಲ್ಲಿ ಹಳಿಯ ಸೈಕಲ್ ಮಾಡುತ್ತಿದ್ದ ಮನೆಯ ಹುಡುಗ ಹನ್ನೆರಡನೇ ವಯಸ್ಸಿಗೆ ಕಟ್ಟಿದ ಆ ಮೊದಲ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಇತ್ತೋ ಇಲ್ಲವೋ, ಅದನ್ನು ಹುಡುಕುವ ಕೆಲಸ ಈಗ ನಮ್ಮ ಸಂಘದ ಜೂನಿಯರ್‌ಗಳ ಪಾಲಿಗೆ ಬಂದಿದೆ.